ಒಂದು ಕಾಸಿಗೆ ಇಬ್ಬರು

ಗೋಡೆಯ ಹಲಗೆಯ ಮೇಲೆ ಬರೆದಿದೆ:
ಯಂತ್ರ ನುಂಗಿದ ಕಾಸಿಗೆ ನಾವು ಹೊಣೆಯಲ್ಲ.
ಕೆಳಗೆ ಯಾರೋ ಪೆನ್ಸಿಲಿನಲ್ಲಿ: ಮತ್ತೆ ಯಾರು?

ಆ ಯಾರು ಅಂದರೆ ನಾನೇ.
ಗ್ರಿಮ್ಸ್‌ಬಿಯ ಈ ಕಾಸಿನ ಲಾಂಡ್ರಿಯಲ್ಲಿ
ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ
ನೆಲ ಒರೆಸುವವಳು, ಚಿಲ್ಲರೆ ಕೊಡುವವಳು,
ಏಳನೇ ನಂಬರಿನ ಪಕ್ಕೆಗೆ
ಎಲ್ಲಿ ಗುದ್ದಿದರೆ ಕಾಸು ಕಕ್ಕುತ್ತದೆಂದು ಬಲ್ಲವಳು.

ಇಲ್ಲಿ ಲೆಕ್ಕ ಖಡಕ್ಕು. ಕಾಸಿಗೆ ತಕ್ಕ ಕಜ್ಜಾಯ:
ಇಪ್ಪತ್ತು ಪೆನ್ಸಿಗೆ ನಾಲ್ಕು ನಿಮಿಷದ ಬಿಸಿಗಾಳಿ.
ಐದನೆಯದಕ್ಕೆ ಡ್ರಮ್ಮು ನಿಂತು
ಅಂಗಿಯ ತೋಳೊಂದು ಗಾಜಿಗೆ ಅಂಟಿಕೊಂಡಿರುತ್ತದೆ,
ಬಸ್ಸು ತಪ್ಪಿಸಿಕೊಂಡವರ ಹಾಗೆ.
ಜೀನ್ಸಿನ ಸೊಂಟಪಟ್ಟಿ ನಾಲ್ಕು ನಿಮಿಷಕ್ಕೆ ಒಣಗುವುದಿಲ್ಲ;
ಅದನ್ನು ಹಾಗೇ ತೊಟ್ಟು ಕೆಲಸಕ್ಕೆ ಹೋಗುವವರ
ನಡಿಗೆಯ ಗುರುತು ನನಗುಂಟು.

ಜನವರಿಯಲ್ಲಿ ಒಂದು ಒಗೆತಕ್ಕೆ ಐದೂವರೆ ಪೌಂಡಾಯಿತು.
ಆ ಗುರುವಾರ ವಿಲ್ಫ್ ಬ್ಲಾಂಚರ್ಡ್, ವಯಸ್ಸು ಎಂಬತ್ತೊಂದು,
ಎರಡು ಅಂಗಿ ಒಂದು ಪೈಜಾಮ ತೊಡೆಯ ಮೇಲಿಟ್ಟುಕೊಂಡು
ಬೆಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದ.
ಮೀನು ಫ್ಯಾಕ್ಟರಿಯ ಇಂದ್ರೆ ಬಂದಳು.
(ಇಂದ್ರ ಅಲ್ಲ, ಇಂದ್ರೆ. ಲಿಥುವೇನಿಯಾದವಳು.)
ಅವಳ ಚೀಲವೂ ಅರ್ಧವೇ.
ಮಳೆ ಗಾಳಿಯ ಮಾತಾಯಿತು,
ಗಂಟಲು ಸರಿಮಾಡಿಕೊಂಡದ್ದಾಯಿತು,
ಆಮೇಲೆ ಅವನೇ, ನೆಲ ನೋಡುತ್ತ:
‘ನಿನ್ನದೂ ನನ್ನದೂ ಕೂಡಿಸಿದರೆ ಹೇಗೆ?’
ಕೇಳಿದವನು ಕಿವಿಯವರೆಗೂ ಕೆಂಪಾದ,
ಹೆಣ್ಣು ನೋಡಲು ಬಂದ ಹುಡುಗನ ಹಾಗೆ.

‘ಮೀನಿನ ವಾಸನೆ’ ಎಂದಳು ಅವಳು.
‘ಮೂವತ್ತು ವರ್ಷ ಟ್ರಾಲರಿನಲ್ಲಿ ಮಲಗಿದ್ದೇನೆ’ ಎಂದ ಇವನು.

ನನಗೆ ನಗು ಬಂತು, ದೊಡ್ಡಮ್ಮನ ನೆನಪೂ ಬಂತು.
ಮಡಿಸೀರೆಯನ್ನು ಕೋಲಿನಿಂದೆತ್ತಿ ಗಳುವಿಗೆ ಹಾಕಿ
ಕಾಗೆ ಮುಟ್ಟಿತೆಂದು ಮತ್ತೆ ಹಿಂಡುತ್ತಿದ್ದ ಮಹಾತಾಯಿ.
ಇಲ್ಲಿ ದುಂಡು ಗಾಜಿನಾಚೆ
ಮುದುಕನ ಪೈಜಾಮದ ಕಾಲು
ಹುಡುಗಿಯ ಏಪ್ರನ್ನಿನ ಸೊಂಟ ಹಿಡಿದು ತಿರುಗುತ್ತಿದೆ;
ಒಡೆಯರಿಬ್ಬರೂ ಬೇರೆ ಬೇರೆ ದಿಕ್ಕು ನೋಡುತ್ತಿದ್ದಾರೆ.

ಅರಸೀಕೆರೆ ಜಂಕ್ಷನ್ನಿನಲ್ಲಿ ಒಂದು ತೂಕದ ಯಂತ್ರವಿತ್ತು.
ಮಿನುಗುವ ಬಲ್ಬು, ಒಳಗೆ ಗಿರಗಿರ ಸುತ್ತುವ ತಟ್ಟೆ.
ಅಪ್ಪನ ಬಳಿ ಇದ್ದದ್ದು ಒಂದೇ ನಾಣ್ಯ;
ನನ್ನನ್ನು ಎತ್ತಿಕೊಂಡೇ ಹತ್ತಿದ.
ಟಕ್ಕೆಂದು ಬಿತ್ತು ರಟ್ಟಿನ ಚೀಟಿ.
ಒಂದು ಮಗ್ಗುಲಲ್ಲಿ ಎಪ್ಪತ್ತೊಂಬತ್ತು ಕೇಜಿ,
ಇನ್ನೊಂದರಲ್ಲಿ ಭವಿಷ್ಯ:
ಮಾತು ಕಡಿಮೆ ಮಾಡಿ. ನೀರಿನಿಂದ ಲಾಭವಿದೆ.
ಇದು ಯಾರದೆಂದು ರೈಲು ಬರುವತನಕ ಜಗಳಾಡಿದೆವು.
ಅಪ್ಪ ಸೋಡಾ ಅಂಗಡಿ ಇಟ್ಟ. ಮುಳುಗಿತು.
ನಾನು ಇಲ್ಲಿ, ಊರವರ ನೊರೆನೀರಿನ ನಡುವೆ,
ಗಂಟೆಗೆ ಹನ್ನೆರಡು ಪೌಂಡು ಚಿಲ್ಲರೆ.
ಮಾತನ್ನಂತೂ ಇಬ್ಬರೂ ಕಡಿಮೆ ಮಾಡಲಿಲ್ಲ.

ಡ್ರಮ್ಮು ನಿಂತಿತು. ಮೇಜಿನ ಮೇಲೆ ಪಾಲುಪಟ್ಟಿ:
ಇದು ನಿನ್ನದು, ಇದು ನನ್ನದು,
ಒಂಟಿ ಕಾಲುಚೀಲ ನಿನ್ನದೇ ಇರಬೇಕು, ನೋಡು.
ಕೊನೆಗೆ ಉಳಿಯಿತು ಒಂದು ಕರವಸ್ತ್ರ.
ನೀಲಿ ಅಂಚು, ಮೂಲೆಯಲ್ಲಿ ಕಸೂತಿಯ ಒಂದಕ್ಷರ,
ದಾರ ಬಿಚ್ಚಿಹೋಗಿ ಓದಲಾಗದು.
ನನ್ನದಲ್ಲ, ಎಂದಳು. ನನ್ನದೂ ಅಲ್ಲ, ಎಂದ.
ಏಳನೇ ನಂಬರಿನ ಹೊಟ್ಟೆಯೊಳಗೆ
ಎಷ್ಟು ಕಾಲದಿಂದ ಕೂತಿತ್ತೋ.
ಇಸ್ತ್ರಿ ಮಾಡಿ ಹಲಗೆಗೆ ಚುಚ್ಚಿದೆ,
‘ಹೊಣೆಯಲ್ಲ’ ಎಂಬುದರ ಮೇಲೇ ಬಿತ್ತು.

ಯಾರೂ ಕೇಳಿಕೊಂಡು ಬರಲಿಲ್ಲ.
ಮುಂದಿನ ಗುರುವಾರ ಇಬ್ಬರೂ ಹತ್ತಕ್ಕೆ ಸರಿಯಾಗಿ ಬಂದರು.
ಬಾಗಿಲು ಮುಚ್ಚುವ ಮುಂಚೆ ವಿಲ್ಫ್ ಎದ್ದು
ಹಲಗೆಯಿಂದ ಕರವಸ್ತ್ರ ಬಿಡಿಸಿ
ಅದನ್ನೂ ಒಳಗೆ ಎಸೆದ.
ನಾನು ಹುಬ್ಬೇರಿಸಿದೆ.
ಹೇಗೂ ಕಾಸು ಹಾಕಿದ್ದೇವಲ್ಲ, ಎಂದಳು ಇಂದ್ರೆ.